ಸಕಾಲ: ಅಳತೆಗೋಲು ಚೆನ್ನಾಗಿದೆ, ಅಳೆಯುವುದು ಅರ್ಧವನ್ನಷ್ಟೇ

ಸರ್ಕಾರಿ ಕಚೇರಿಯ ಕಾರ್ಯಕ್ಷಮತೆಯನ್ನು ಸಾಮಾನ್ಯ ಅರ್ಜಿದಾರನೂ ಪರೀಕ್ಷಿಸಬಹುದಾದ ಒಂದು ಲೆಕ್ಕಕ್ಕೆ ಇಳಿಸಿದ್ದು ಸಕಾಲ ಸೇವೆಯ ಹಿರಿಮೆ. 2011ರ ಕಾಯ್ದೆಯ ಆಧಾರದಲ್ಲಿ 2012ರ ಏಪ್ರಿಲ್‌ನಲ್ಲಿ ಕರ್ನಾಟಕದಾದ್ಯಂತ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ, ಜಾತಿ ಪ್ರಮಾಣಪತ್ರವಿರಲಿ, ಪಡಿತರ ಚೀಟಿಯಿರಲಿ, ಪ್ರತಿ ಸೇವೆಗೂ ಇಷ್ಟು ದಿನವೆಂಬ ಗಡುವಿದೆ. ಅರ್ಜಿಯೊಂದಿಗೆ ಸಿಗುವ ಸಂಖ್ಯೆಯಿಂದ ಅದು ಎಲ್ಲಿ ನಿಂತಿದೆಯೆಂದು ತಿಳಿಯುತ್ತದೆ. ಈ ಪಾರದರ್ಶಕತೆಗೆ ಪೂರ್ಣ ಅಂಕ ಕೊಡಬಹುದು.

ಆದರೆ ಅಳತೆಯಲ್ಲಿಯೇ ಕೊರತೆಯಿದೆ. ಗಡುವಿನೊಳಗೆ ತಿರಸ್ಕರಿಸಿದ ಅರ್ಜಿಯೂ ವಿಲೇವಾರಿಯ ಲೆಕ್ಕಕ್ಕೆ ಸೇರುವುದರಿಂದ, ಶೇಕಡಾವಾರು ಅಂಕಿ ಎಷ್ಟೇ ಹೊಳೆಯುತ್ತಿದ್ದರೂ ಜನರ ಕೆಲಸ ಆಯಿತೇ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಸ್ವೀಕೃತಿಯನ್ನೇ ಕೊಡದ ಅರ್ಜಿಯಂತೂ ಲೆಕ್ಕಕ್ಕೇ ಬರುವುದಿಲ್ಲ. ವಿಳಂಬಕ್ಕೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಎಂಬ ಪರಿಹಾರ ಕಚೇರಿಗೆ ಎಚ್ಚರಿಕೆಯಾದೀತೇ ಹೊರತು, ಕೂಲಿ ಬಿಟ್ಟು ಅಲೆದವನ ನಷ್ಟವನ್ನು ತುಂಬಲಾರದು.

ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸರ್ಕಾರೇತರ ಸಂಸ್ಥೆ 1990ರ ದಶಕದಲ್ಲಿಯೇ ತನ್ನ ನಾಗರಿಕ ವರದಿ ಪತ್ರದ ಮೂಲಕ ಸಿಬ್ಬಂದಿಯ ವರ್ತನೆ, ಲಂಚ, ತೃಪ್ತಿಯ ಮಟ್ಟವನ್ನು ಜನರನ್ನೇ ಕೇಳಿ ಅಳೆದಿತ್ತು. ಆ ಪ್ರಶ್ನೆಗಳನ್ನು ಗಡುವಿನ ಅಂಕಿಗಳ ಪಕ್ಕದಲ್ಲಿಯೇ, ಕಚೇರಿವಾರು, ಪ್ರಕಟಿಸುವ ಏರ್ಪಾಡು ಸಕಾಲಕ್ಕೆ ಬೇಕು.