ಏಪ್ರಿಲ್‌ನ ಅಂಕಪಟ್ಟಿಯನ್ನು ಎಷ್ಟು ನಂಬಬೇಕು? ಬೇಸ್‌ಬಾಲ್ ಸವಾಂಟ್ ಜಾಲತಾಣದ ವಿಮರ್ಶೆ

2025ರ ಋತುವಿನ ಮೊದಲ ಒಂಬತ್ತು ಪಂದ್ಯಗಳಲ್ಲಿ ಎಂಟನ್ನು ಗೆದ್ದಾಗ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬೇಸ್‌ಬಾಲ್ ತಂಡದ ಅಭಿಮಾನಿಗಳಾದ ನಮ್ಮಲ್ಲಿ ಎರಡು ಪಂಗಡಗಳಾದವು. 2010, 2012 ಮತ್ತು 2014ರಲ್ಲಿ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದ ತಂಡಗಳ ಕ್ಯಾಚರ್ (ಕ್ರಿಕೆಟ್‌ನ ವಿಕೆಟ್‌ಕೀಪರ್‌ನಂಥ ಸ್ಥಾನ) ಆಗಿದ್ದ ಬಸ್ಟರ್ ಪೋಸಿ 2024ರ ಶರತ್ಕಾಲದಲ್ಲಿ ತಂಡದ ಆಡಳಿತದ ಚುಕ್ಕಾಣಿ ಹಿಡಿದಿದ್ದರಿಂದ ಹಳೆಯ ವೈಭವ ಮರಳಿತೆಂದು ಒಂದು ಪಂಗಡ ನಂಬಿತು. ಇನ್ನೂ 153 ಪಂದ್ಯಗಳು ಬಾಕಿಯಿರುವಾಗ ಏನನ್ನೂ ಹೇಳಲಾಗದೆಂದು ಇನ್ನೊಂದು ಪಂಗಡ ವಾದಿಸಿತು. ಸೆಪ್ಟೆಂಬರ್ ಕೊನೆಗೆ ತಂಡ 81 ಪಂದ್ಯ ಗೆದ್ದು 81 ಸೋತಿತ್ತು. ಎರಡೂ ಪಂಗಡದವರ ಮುಂದೆ ಇದ್ದದ್ದು ಒಂದೇ ಅಂಕಪಟ್ಟಿ, ಮತ್ತು ಆ ಅಂಕಪಟ್ಟಿ ಯಾರ ಅನುಮಾನವನ್ನೂ ಪರಿಹರಿಸುವಂತಿರಲಿಲ್ಲ. ಋತುವಿನ ಮೊದಲ ಪೂರ್ಣ ತಿಂಗಳಾದ ಏಪ್ರಿಲ್‌ನಲ್ಲೇ ತಂಡದ ನಿಜವಾದ ಕಸುವನ್ನು ಅರಿಯಲು ಸಾಮಾನ್ಯ ಅಭಿಮಾನಿಗೆ ಏನಾದರೂ ಸಾಧನವಿದೆಯೇ ಎಂದು ಕೇಳುವವರಿಗೆ ನಾನು ಸೂಚಿಸುವುದು ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆಯೇ ನಡೆಸುವ, ಹಣ ಕೊಡದೆ ಬಳಸಬಹುದಾದ ಬೇಸ್‌ಬಾಲ್ ಸವಾಂಟ್ ಎಂಬ ಜಾಲತಾಣವನ್ನು. ಅದು ಏನನ್ನು ತೋರಿಸುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ.

ಐಪಿಎಲ್ ನೋಡಿ ಬೆಳೆದ ಕಣ್ಣಿಗೆ ಬೇಸ್‌ಬಾಲ್ ಋತುವಿನ ಉದ್ದ ಮೊದಲಿಗೆ ಅಂದಾಜಿಗೆ ಸಿಗುವುದಿಲ್ಲ. 2024ರಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತು, ಉಳಿದ ಆರನ್ನೂ ಗೆದ್ದು ಪ್ಲೇಆಫ್ ತಲುಪಿದ್ದು ನಮಗೆಲ್ಲ ಪವಾಡದಂತೆ ಕಂಡಿತು, ಏಕೆಂದರೆ ಹದಿನಾಲ್ಕು ಪಂದ್ಯಗಳ ಲೀಗ್‌ನಲ್ಲಿ ಎಂಟು ಪಂದ್ಯಗಳೆಂದರೆ ಅರ್ಧಕ್ಕಿಂತ ಹೆಚ್ಚು. 162 ಪಂದ್ಯಗಳ ಬೇಸ್‌ಬಾಲ್ ಋತುವಿನಲ್ಲಿ ಎಂಟು ಪಂದ್ಯಗಳು ಶೇಕಡಾ ಐದರಷ್ಟು ಮಾತ್ರ. ಲೀಗ್‌ನ 30 ತಂಡಗಳೂ ಸರಿಸಮಾನವಾಗಿವೆ, ಪ್ರತಿ ಪಂದ್ಯದ ಫಲಿತಾಂಶವೂ ನಾಣ್ಯ ಚಿಮ್ಮಿದಂತೆ ಎಂದು ಇಟ್ಟುಕೊಂಡು ಲೆಕ್ಕ ಹಾಕಿದರೂ, 20 ಪಂದ್ಯಗಳಾಗುವ ಹೊತ್ತಿಗೆ ಏಳೆಂಟು ತಂಡಗಳು ಹನ್ನೆರಡು ಅಥವಾ ಅದಕ್ಕಿಂತ ಹೆಚ್ಚು ಗೆದ್ದಿರುತ್ತವೆ. ಆ ಊರುಗಳ ಅಭಿಮಾನಿಗಳೆಲ್ಲ ತಮ್ಮ ತಂಡ ಈ ಸಲ ಬೇರೆಯೇ ಆಗಿದೆ ಎಂದು ಮನಸಾರೆ ನಂಬಿರುತ್ತಾರೆ.

ಇತಿಹಾಸವೂ ಎರಡೂ ಕಡೆಗೆ ಸಾಕ್ಷಿ ಹೇಳುತ್ತದೆ. 2019ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ 19 ಗೆದ್ದು 31 ಸೋತ ಸ್ಥಿತಿಯಿಂದ ಮೇಲೆದ್ದು ವರ್ಲ್ಡ್ ಸೀರೀಸ್ ಗೆದ್ದಿತು. 2023ರಲ್ಲಿ ಟ್ಯಾಂಪಾ ಬೇ ರೇಸ್ ಮೊದಲ 13 ಪಂದ್ಯಗಳನ್ನೂ ಗೆದ್ದು, 99 ಗೆಲುವುಗಳೊಡನೆ ಋತು ಮುಗಿಸಿ, ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಟೆಕ್ಸಾಸ್ ರೇಂಜರ್ಸ್‌ಗೆ ಎರಡು ಪಂದ್ಯ ಸೋತು ಹೊರಬಿತ್ತು. 2024ರಲ್ಲಿ ಹ್ಯೂಸ್ಟನ್ ಆ್ಯಸ್ಟ್ರೋಸ್ ಮೊದಲ 26 ಪಂದ್ಯಗಳಲ್ಲಿ ಏಳನ್ನಷ್ಟೇ ಗೆದ್ದಿದ್ದರೂ ಕೊನೆಗೆ ತನ್ನ ವಿಭಾಗದಲ್ಲಿ ಅಗ್ರಸ್ಥಾನ ಪಡೆಯಿತು. ಆದರೆ ಅದೇ ವರ್ಷ ಷಿಕಾಗೊ ವೈಟ್ ಸಾಕ್ಸ್ ಮೊದಲ 25ರಲ್ಲಿ ಮೂರನ್ನು ಗೆದ್ದು, ಋತುವಿನ ಕೊನೆಗೆ 121 ಸೋಲುಗಳನ್ನು ಹೊತ್ತುಕೊಂಡಿತು. 1984ರಲ್ಲಿ ಮೊದಲ 40ರಲ್ಲಿ 35 ಗೆದ್ದ ಡೆಟ್ರಾಯಿಟ್ ಟೈಗರ್ಸ್ ಕೊನೆಯವರೆಗೂ ಮುನ್ನಡೆ ಬಿಡದೆ ಚಾಂಪಿಯನ್ ಆಯಿತು. ಆದ್ದರಿಂದ ಏಪ್ರಿಲ್ ಫಲಿತಾಂಶಗಳನ್ನು ಪೂರ್ತಿ ತಳ್ಳಿಹಾಕುವುದೂ ಸರಿಯಲ್ಲ. ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ಬೇರ್ಪಡಿಸುವುದೇ ಕೆಲಸ.

ಸವಾಂಟ್‌ನ ಹಿಂದಿರುವುದು ಸ್ಟ್ಯಾಟ್‌ಕಾಸ್ಟ್ ಎಂಬ ಅಳತೆ ವ್ಯವಸ್ಥೆ. 2015ರಿಂದ ಎಲ್ಲ ಮೇಜರ್ ಲೀಗ್ ಮೈದಾನಗಳಲ್ಲಿರುವ ಈ ವ್ಯವಸ್ಥೆಗೆ 2020ರಲ್ಲಿ ಹಾಕ್‌ಐ ಕ್ಯಾಮೆರಾಗಳು ಬಂದವು. ಎಲ್‌ಬಿಡಬ್ಲ್ಯು ಪರಿಶೀಲನೆಯಿಂದಾಗಿ ಕ್ರಿಕೆಟ್ ಪ್ರೇಮಿಗಳಿಗೆಲ್ಲ ಚಿರಪರಿಚಿತವಾದ ಅದೇ ಹಾಕ್‌ಐ, ಇಲ್ಲಿ ಪ್ರತಿ ಮೈದಾನದಲ್ಲಿ 12 ಕ್ಯಾಮೆರಾಗಳಿಂದ ಪಿಚರ್ ಎಸೆದ ಪ್ರತಿ ಚೆಂಡಿನ ವೇಗ, ತಿರುವು, ಬ್ಯಾಟರ್ ಹೊಡೆದ ಚೆಂಡಿನ ವೇಗ, ಅದು ಏರಿದ ಕೋನ, ಫೀಲ್ಡರ್ ಓಡಿದ ದೂರ ಎಲ್ಲವನ್ನೂ ದಾಖಲಿಸುತ್ತದೆ. ಡ್ಯಾರೆನ್ ವಿಲ್ಮನ್ ಎಂಬವರು ಸ್ವಂತ ಆಸಕ್ತಿಯಿಂದ ಕಟ್ಟಿದ ಈ ತಾಣವನ್ನು ಮುಂದೆ ಲೀಗ್ ತನ್ನದಾಗಿಸಿಕೊಂಡಿತು. ಒಬ್ಬ ಅಭಿಮಾನಿಯ ಕುತೂಹಲದಿಂದ ಹುಟ್ಟಿದ್ದು ಎಂಬ ಗುಣ ಅದರಲ್ಲಿ ಇಂದಿಗೂ ಉಳಿದಿದೆ ಎಂದು ನನಗನಿಸುತ್ತದೆ. ಪ್ರತಿ ಪಿಚ್‌ನ, ಅಂದರೆ ಪಿಚರ್‌ನ ಪ್ರತಿ ಎಸೆತದ, ದತ್ತಾಂಶವನ್ನೂ ಯಾರು ಬೇಕಾದರೂ ಸೋಸಿ, ಇಳಿಸಿಕೊಂಡು, ತಮ್ಮದೇ ಲೆಕ್ಕ ಹಾಕಿಕೊಳ್ಳಬಹುದು.

ಇದರ ಉಪಯೋಗ ಅರಿಯಲು ಒಂದೇ ಒಂದು ಹೊಡೆತವನ್ನು ಹತ್ತಿರದಿಂದ ನೋಡೋಣ. ಬ್ಯಾಟರ್ ಚೆಂಡನ್ನು ಬಲವಾಗಿ ಹೊಡೆಯುತ್ತಾನೆ, ಫೀಲ್ಡರ್ ಬೇಲಿಯ ಬಳಿ ಅದನ್ನು ಹಿಡಿಯುತ್ತಾನೆ. ಸ್ಕೋರ್‌ಕಾರ್ಡ್‌ನಲ್ಲಿ ಅದು ಔಟ್, ಅಷ್ಟೇ. ಸವಾಂಟ್‌ನ ಪಂದ್ಯದ ಪುಟದಲ್ಲಿ ಅದೇ ಹೊಡೆತದ ಎದುರು ಚೆಂಡು ಬ್ಯಾಟಿನಿಂದ ಚಿಮ್ಮಿದ ವೇಗ, ಏರುಕೋನ, ಹಾರಿದ ದೂರ, ಅಂಥ ಹೊಡೆತಗಳು ಸಾಮಾನ್ಯವಾಗಿ ಹಿಟ್ (ಬ್ಯಾಟರ್ ಸುರಕ್ಷಿತವಾಗಿ ಬೇಸ್ ತಲುಪುವ ಹೊಡೆತ) ಆಗುವ ಸಂಭವ, ಮತ್ತು 30 ಮೈದಾನಗಳ ಪೈಕಿ ಎಷ್ಟರಲ್ಲಿ ಅದು ಹೋಮ್ ರನ್ (ಬೇಲಿ ದಾಟುವ ಹೊಡೆತ) ಆಗುತ್ತಿತ್ತು ಎಂಬ ಎಣಿಕೆ ಕಾಣುತ್ತವೆ. ಗಂಟೆಗೆ 95 ಮೈಲಿ, ಅಂದರೆ ಸುಮಾರು 153 ಕಿಲೋಮೀಟರ್ ದಾಟಿದ ಹೊಡೆತವನ್ನು ಬಲವಾದ ಹೊಡೆತವೆಂದು ಪರಿಗಣಿಸಲಾಗುತ್ತದೆ. 98 ಮೈಲಿ ವೇಗದಲ್ಲಿ 26ರಿಂದ 30 ಡಿಗ್ರಿಯ ನಡುವೆ ಏರಿದರೆ ಅದು ಬ್ಯಾರೆಲ್, ಅಂದರೆ ಬ್ಯಾಟರ್ ಮಾಡಬಹುದಾದ ಅತ್ಯುತ್ತಮ ಸಂಪರ್ಕ. ವೇಗ ಹೆಚ್ಚಿದಂತೆ ಈ ಕೋನದ ವ್ಯಾಪ್ತಿಯೂ ಹಿಗ್ಗುತ್ತದೆ. ಇಂಥ ಹೊಡೆತಗಳನ್ನೇ ಹೊಡೆಯುತ್ತಿದ್ದೂ ಸರಾಸರಿ, ಅಂದರೆ ಹಿಟ್ ಗಳಿಸುವ ಪ್ರಮಾಣ, ಕೆಳಗಿರುವ ಬ್ಯಾಟರ್‌ನ ಬಗ್ಗೆ ಏಪ್ರಿಲ್‌ನಲ್ಲಿ ಆತಂಕಪಡಬೇಕಾಗಿಲ್ಲ. ಮೆಲ್ಲಗೆ ಮುಟ್ಟಿದ ಚೆಂಡುಗಳು ಫೀಲ್ಡರ್‌ಗಳ ನಡುವೆ ಬಿದ್ದು ಸರಾಸರಿ ಏರಿರುವವನ ಬಗ್ಗೆ ಮಾತ್ರ ಎಚ್ಚರವಿರಬೇಕು. ಈ ಒಂದು ವ್ಯತ್ಯಾಸವನ್ನು ಇಷ್ಟು ಸ್ಪಷ್ಟವಾಗಿ, ಪಂದ್ಯ ನಡೆಯುತ್ತಿರುವಾಗಲೇ ತೋರಿಸುವ ಬೇರೆ ಉಚಿತ ಸೇವೆಯನ್ನು ನಾನು ಕಂಡಿಲ್ಲ.

ಜೈಂಟ್ಸ್‌ನ 2025ರ ಏಪ್ರಿಲ್ ಇದಕ್ಕೆ ಒಳ್ಳೆಯ ಪಾಠಶಾಲೆ. ದಕ್ಷಿಣ ಕೊರಿಯಾದ ಜಂಗ್ ಹೂ ಲೀ ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂನಲ್ಲಿ ಒಂದೇ ಸರಣಿಯಲ್ಲಿ ಮೂರು ಹೋಮ್ ರನ್ ಹೊಡೆದಾಗ ಊರಿಗೆ ಊರೇ ಕುಣಿಯಿತು, ಮತ್ತು ಕುಣಿದದ್ದು ಸರಿಯೇ. ಆದರೆ ಇಡೀ ಋತುವಿನಲ್ಲಿ ಅವರು ಹೊಡೆದದ್ದು ಎಂಟು ಹೋಮ್ ರನ್. ಇನ್ನೊಂದೆಡೆ, ಏಳು ವರ್ಷಕ್ಕೆ 18.2 ಕೋಟಿ ಡಾಲರ್‌ನ ಒಪ್ಪಂದದೊಂದಿಗೆ ಬಂದ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್) ವಿಲ್ಲಿ ಅಡಾಮಿಸ್ ಮೊದಲ ತಿಂಗಳು ತಡವರಿಸಿದಾಗ ಹಣ ನೀರಿಗೆ ಹೋಯಿತೆಂಬ ಮಾತು ಎಲ್ಲೆಡೆ ಕೇಳಿಬಂತು. ಅವರು ಋತುವಿನ ಕೊನೆಯ ದಿನ 30ನೆಯ ಹೋಮ್ ರನ್ ಹೊಡೆದು, 2004ರ ಬ್ಯಾರಿ ಬಾಂಡ್ಸ್ ನಂತರ ಆ ಸಂಖ್ಯೆ ಮುಟ್ಟಿದ ಮೊದಲ ಜೈಂಟ್ಸ್ ಆಟಗಾರರಾದರು. ಇಬ್ಬರ ಬಗ್ಗೆಯೂ ಮೊದಲ ವಾರಗಳ ಸರಾಸರಿ ನಂಬಿ ತೀರ್ಪು ಕೊಟ್ಟಿದ್ದರೆ ಇಬ್ಬರ ಬಗ್ಗೆಯೂ ತಪ್ಪು ತೀರ್ಪಾಗುತ್ತಿತ್ತು.

ಇನ್ನು ಸವಾಂಟ್‌ನ ಮಿತಿಗಳು. ಅದರ ನಿರೀಕ್ಷಿತ ಸರಾಸರಿಗಳು, ಅಂದರೆ ಹೊಡೆತಗಳ ಗುಣಮಟ್ಟ ನೋಡಿದರೆ ಬರಬೇಕಿದ್ದ ಸರಾಸರಿಗಳು, ಮುಖ್ಯವಾಗಿ ಚೆಂಡಿನ ವೇಗ ಮತ್ತು ಏರುಕೋನವನ್ನು ಆಧರಿಸಿವೆ. ಚೆಂಡು ಮೈದಾನದ ಯಾವ ದಿಕ್ಕಿಗೆ ಹೋಯಿತು, ಆ ಮೈದಾನದ ಆಕಾರ ಹೇಗಿದೆ, ಅಂದಿನ ಗಾಳಿ ಎಷ್ಟು ತಣ್ಣಗಿತ್ತು ಎಂಬುದು ಆ ಲೆಕ್ಕಕ್ಕೆ ಸೇರುವುದಿಲ್ಲ. ಬೇರೆ ಊರಿನ ಅಭಿಮಾನಿಗೆ ಇದು ಸಣ್ಣ ಕೊರತೆ ಇರಬಹುದು. ಜೈಂಟ್ಸ್ ಅಭಿಮಾನಿಗೆ ದೊಡ್ಡದು. ತಂಡದ ತವರು ಮೈದಾನ ಒರೇಕಲ್ ಪಾರ್ಕ್‌ನ ಬಲಗಡೆಯ ಗಡಿ ಕಂಬ ಬ್ಯಾಟರ್‌ನಿಂದ 309 ಅಡಿ ದೂರದಲ್ಲಷ್ಟೇ ಇದ್ದರೂ, ಅಲ್ಲಿನ ಗೋಡೆ ತಂಡದ ದಂತಕಥೆ ವಿಲ್ಲಿ ಮೇಸ್ ಅವರ ಅಂಗಿಯ ಸಂಖ್ಯೆಯ ಗೌರವಾರ್ಥ 24 ಅಡಿ ಎತ್ತರವಿದೆ, ಮತ್ತು ಅಲ್ಲಿಂದ ನಡುಭಾಗದತ್ತ ಸರಿದಂತೆ ಬೇಲಿ ಹಿಂದೆ ಹಿಂದೆ ಹೋಗಿ 415 ಅಡಿ ದೂರಕ್ಕೆ ತಲುಪುತ್ತದೆ. ಆ ಮೂಲೆಗೆ ಎಡಗೈ ಬ್ಯಾಟರ್ ಹೊಡೆದ ಅದ್ಭುತ ಹೊಡೆತ, ಏಪ್ರಿಲ್ ರಾತ್ರಿಯ ತಣ್ಣನೆಯ ಗಾಳಿಯಲ್ಲಿ, ಎಷ್ಟೋ ಸಲ ಫೀಲ್ಡರ್‌ನ ಕೈಸೇರುತ್ತದೆ. ಸವಾಂಟ್ ಆ ಬ್ಯಾಟರ್‌ನನ್ನು ದುರದೃಷ್ಟವಂತನೆಂದು ಎಣಿಸುತ್ತದೆ. ಆದರೆ ಅದೇ ಮೈದಾನದಲ್ಲಿ 81 ಪಂದ್ಯ ಆಡಬೇಕಾದವನಿಗೆ ಅದರಲ್ಲೊಂದು ಪಾಲು ದುರದೃಷ್ಟವಲ್ಲ, ವರ್ಷವಿಡೀ ಇರುವ ಪರಿಸ್ಥಿತಿ. ಆದ್ದರಿಂದ ನಮ್ಮ ಬ್ಯಾಟರ್‌ಗಳ ನಿರೀಕ್ಷಿತ ಸರಾಸರಿ ನೈಜ ಸರಾಸರಿಗಿಂತ ಮೇಲಿದೆ ಎಂದ ಮಾತ್ರಕ್ಕೆ ಜೂನ್‌ನಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಭಾವಿಸಬಾರದು.

ಎರಡನೆಯ ಮಿತಿ ಬಣ್ಣಗಳದು. ಆಟಗಾರನ ಪುಟ ತೆರೆದರೆ ಸಾಲುಸಾಲಾಗಿ ವೃತ್ತಗಳು ಕಾಣುತ್ತವೆ; ಲೀಗ್‌ನ ಉಳಿದವರಿಗಿಂತ ಮೇಲಿದ್ದರೆ ಕೆಂಪು, ಕೆಳಗಿದ್ದರೆ ನೀಲಿ. ಒಂದೇ ನೋಟಕ್ಕೆ ಆಟಗಾರನ ಗುಣಾವಗುಣ ತಿಳಿಸುವ ಈ ವಿನ್ಯಾಸ ನಿಜಕ್ಕೂ ಸೊಗಸಾದದ್ದು. ಆದರೆ ಏಪ್ರಿಲ್ ಮಧ್ಯದ ಕೆಂಪಿಗೂ ಸೆಪ್ಟೆಂಬರ್‌ನ ಕೆಂಪಿಗೂ ನೋಡಲು ವ್ಯತ್ಯಾಸವಿಲ್ಲ. ಯಾವ ಅಂಕಿ ಎಷ್ಟು ಬೇಗ ನೆಲೆಗೊಳ್ಳುತ್ತದೆ ಎಂಬುದು ಓದುಗನಿಗೆ ಮೊದಲೇ ತಿಳಿದಿರಬೇಕು. ಬ್ಯಾಟರ್‌ನ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್ ಆಗುವುದು) ಪ್ರಮಾಣ ಸುಮಾರು 60 ಬ್ಯಾಟಿಂಗ್ ಸರದಿಗಳಲ್ಲಿ, ಅಂದರೆ ಎರಡು ಮೂರು ವಾರಗಳಲ್ಲಿ, ನಂಬುವ ಮಟ್ಟಕ್ಕೆ ಬರುತ್ತದೆ ಎಂಬುದು ವಿಶ್ಲೇಷಕರು ಸಾಮಾನ್ಯವಾಗಿ ಬಳಸುವ ಅಂದಾಜು. ವಾಕ್ (ನಾಲ್ಕು ತಪ್ಪು ಎಸೆತಗಳಿಂದ ಉಚಿತವಾಗಿ ಬೇಸ್ ಸಿಗುವುದು) ಪ್ರಮಾಣಕ್ಕೆ ಸುಮಾರು ಅದರ ಎರಡರಷ್ಟು ಬೇಕು. ಮೈದಾನದೊಳಗೆ ಬಿದ್ದ ಚೆಂಡುಗಳಲ್ಲಿ ಎಷ್ಟು ಹಿಟ್ ಆದವು ಎಂಬ ಸರಾಸರಿ ನೆಲೆಗೊಳ್ಳಲು ಇಡೀ ಋತುವೂ ಸಾಲದು. ನಮ್ಮ ಸುತ್ತಮುತ್ತ ನಡೆಯುವ ಏಪ್ರಿಲ್ ಚರ್ಚೆಗಳು ಈ ಕೊನೆಯ ಅಂಕಿಯ ಸುತ್ತಲೇ ಸುತ್ತುತ್ತಿರುವುದು ನನಗೆ ನಿಜವಾಗಿಯೂ ಬೇಸರ ತರಿಸುತ್ತದೆ, ಏಕೆಂದರೆ ನಂಬಬಹುದಾದ ಅಂಕಿಗಳು ಅದೇ ಪುಟದಲ್ಲಿ, ನಾಲ್ಕು ಸಾಲು ಕೆಳಗೆ ಇರುತ್ತವೆ. ಬ್ಯಾಟ್ ಬೀಸುವ ವೇಗದ ದತ್ತಾಂಶ 2024ರಿಂದ ಸಾರ್ವಜನಿಕವಾಗಿದ್ದು, ಅದು ಬಹಳ ಬೇಗ ನೆಲೆಗೊಳ್ಳುವಂಥದ್ದು. ಗಾಯದಿಂದ ಮರಳಿದ ಆಟಗಾರನಲ್ಲಿ ಕಸುವು ಉಳಿದಿದೆಯೇ ಎಂದು ತಿಳಿಯಲು ನಾನು ಮೊದಲು ನೋಡುವುದು ಅದನ್ನೇ.

ಒಬ್ಬೊಬ್ಬ ಆಟಗಾರನನ್ನು ಅಳೆಯುವುದರಲ್ಲಿ ಸವಾಂಟ್ ಎಷ್ಟು ಸಮರ್ಥವೋ, ಇಡೀ ತಂಡದ ಭವಿಷ್ಯದ ಬಗ್ಗೆ ಅಷ್ಟೇ ಮೌನಿ. ಅದಕ್ಕಾಗಿ ಬೇಸ್‌ಬಾಲ್ ರೆಫರೆನ್ಸ್ ಮತ್ತು ಫ್ಯಾನ್‌ಗ್ರಾಫ್ಸ್ ತಾಣಗಳ ಜೊತೆಗೂಡಿಸಿಯೇ ಅದನ್ನು ಓದಬೇಕು. ಮೊದಲನೆಯದರಲ್ಲಿ ತಂಡ ಗಳಿಸಿದ ಮತ್ತು ಬಿಟ್ಟುಕೊಟ್ಟ ರನ್‌ಗಳಿಂದ ಲೆಕ್ಕ ಹಾಕಿದ ನಿರೀಕ್ಷಿತ ಗೆಲುವು ಸಿಗುತ್ತದೆ. ಬೇಸ್‌ಬಾಲ್ ಅಂಕಿಅಂಶಗಳ ವಿಶ್ಲೇಷಕ ಬಿಲ್ ಜೇಮ್ಸ್ ರೂಪಿಸಿದ ಮೂಲ ಸೂತ್ರದಲ್ಲಿ ಗಳಿಸಿದ ರನ್‌ಗಳ ವರ್ಗವನ್ನು, ಗಳಿಸಿದ ಮತ್ತು ಬಿಟ್ಟುಕೊಟ್ಟ ರನ್‌ಗಳ ವರ್ಗಗಳ ಮೊತ್ತದಿಂದ ಭಾಗಿಸಬೇಕು. ಇದೂ ಏಪ್ರಿಲ್‌ನಲ್ಲಿ ದಾರಿ ತಪ್ಪಿಸಬಹುದು. ಹನ್ನೆರಡು ಪಂದ್ಯಗಳಲ್ಲಿ 60 ರನ್ ಗಳಿಸಿ 40 ಬಿಟ್ಟುಕೊಟ್ಟ ತಂಡದ ನಿರೀಕ್ಷಿತ ಗೆಲುವಿನ ಪ್ರಮಾಣ ಶೇಕಡಾ 69 ಎಂದು ಬರುತ್ತದೆ. ಆ ಹನ್ನೆರಡರಲ್ಲಿ ಒಂದು ಪಂದ್ಯವನ್ನು 14-1ರಿಂದ ಗೆದ್ದಿದ್ದರೆ, ಆ ಒಂದನ್ನು ತೆಗೆದು ನೋಡಿದಾಗ ಅದೇ ತಂಡ ಶೇಕಡಾ 58ಕ್ಕೆ ಇಳಿಯುತ್ತದೆ. ಫ್ಯಾನ್‌ಗ್ರಾಫ್ಸ್‌ನ ಪ್ಲೇಆಫ್ ಸಂಭವದ ಪುಟ, ಆಟಗಾರರ ಹಿಂದಿನ ವರ್ಷಗಳ ಸಾಧನೆಯನ್ನೂ ಒಳಗೊಂಡ ಮುನ್ನಂದಾಜುಗಳಿಂದ ಉಳಿದ ಋತುವನ್ನು ಸಾವಿರಾರು ಬಾರಿ ಗಣಕದಲ್ಲಿ ಆಡಿಸಿ ನೋಡುತ್ತದೆ. ಏಳು ಪಂದ್ಯ ಸತತವಾಗಿ ಗೆದ್ದರೂ ಆ ಸಂಖ್ಯೆ ಮೆಲ್ಲಗೆ ಮೇಲೇರುವುದನ್ನು ನೋಡಿ ಹಲವರು ಸಿಡಿಮಿಡಿಗೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದರ ಆ ನಿಧಾನವೇ ಅದರ ಗುಣ.

ಯಾವ ತಾಣವೂ ಹೇಳಲಾಗದ ಸಂಗತಿಗಳೂ ಇವೆ. 2025ರ ಜೈಂಟ್ಸ್ ತಂಡ ಜೂನ್‌ನಲ್ಲಿ ಬಾಸ್ಟನ್‌ನಿಂದ ರಫಾಯೆಲ್ ಡೆವರ್ಸ್ ಅವರನ್ನು ತಂದಿತು. ಜುಲೈ ಕೊನೆಗೆ ಟೈಲರ್ ರಾಜರ್ಸ್, ಕಮಿಲೊ ಡೊವಾಲ್ ಮತ್ತು ಮೈಕ್ ಯಾಸ್ಟ್ರೆಂಸ್ಕಿ ಅವರನ್ನು ಬೇರೆ ತಂಡಗಳಿಗೆ ಕೊಟ್ಟಿತು. ಋತು ಮುಗಿಸಿದ ತಂಡ ಮೊದಲ ಒಂಬತ್ತರಲ್ಲಿ ಎಂಟು ಗೆದ್ದ ತಂಡವೇ ಆಗಿರಲಿಲ್ಲ. ಇಂಥ ನಿರ್ಧಾರಗಳನ್ನು ಕ್ಯಾಮೆರಾ ಅಳೆಯಲಾರದು, ಅದನ್ನು ಸವಾಂಟ್‌ನ ದೋಷವೆಂದು ನಾನು ಎಣಿಸುವುದೂ ಇಲ್ಲ.

ಬಳಕೆಯ ಬಗ್ಗೆ ಹೇಳುವುದಾದರೆ, ತಾಣ ಕಲಿಯಲು ಸುಲಭವಲ್ಲ. ಪುಟಗಳು ಕಿಕ್ಕಿರಿದಿವೆ, ಕೋಷ್ಟಕಗಳು ಅಗಲವಾಗಿರುವುದರಿಂದ ಫೋನಿಗಿಂತ ಕಂಪ್ಯೂಟರ್‌ನಲ್ಲಿ ಓದುವುದು ಒಳಿತು, ಅಳತೆಗಳು ಮೈಲಿ ಮತ್ತು ಅಡಿಗಳಲ್ಲೇ ಇವೆ, ಸಂಕ್ಷಿಪ್ತ ಹೆಸರುಗಳ ಅರ್ಥ ಮೊದಲ ಸಲ ಬಂದವರಿಗೆ ತಾನಾಗಿ ಹೊಳೆಯುವುದಿಲ್ಲ. ಹೊಸಬರು ಎಲ್ಲ ಪಟ್ಟಿಗಳನ್ನೂ ತಡಕಾಡದೆ, ತಮಗೆ ಪ್ರಿಯವಾದ ಒಬ್ಬ ಬ್ಯಾಟರ್ ಮತ್ತು ಒಬ್ಬ ಪಿಚರ್‌ನ ಪುಟವನ್ನಷ್ಟೇ ವಾರಕ್ಕೊಮ್ಮೆ ನೋಡುತ್ತಾ ಹೋದರೆ ಮೇ ಮಧ್ಯದ ಹೊತ್ತಿಗೆ ಉಳಿದದ್ದೂ ಹಿಡಿತಕ್ಕೆ ಬರುತ್ತದೆ; ಜೈಂಟ್ಸ್ ಪಿಚರ್ ಲೋಗನ್ ವೆಬ್ ಅವರ ಸಿಂಕರ್ (ಬ್ಯಾಟರ್ ಬಳಿ ಬರುತ್ತಾ ಕೆಳಗಿಳಿಯುವ ಎಸೆತ) ಎಷ್ಟು ಇಳಿಯುತ್ತದೆ, ಬ್ಯಾಟರ್‌ಗಳು ಅದನ್ನು ಏಕೆ ನೆಲಕ್ಕೇ ಹೊಡೆಯುತ್ತಾರೆ ಎಂಬುದನ್ನು ಅರಿಯಲು ಅದಕ್ಕಿಂತ ಒಳ್ಳೆಯ ಪುಟ ಸಿಗದು. ಬೆಂಗಳೂರಿನಲ್ಲಿದ್ದುಕೊಂಡು ಈ ಆಟವನ್ನು ಹಿಂಬಾಲಿಸುವವರಿಗೆ ಸ್ಯಾನ್ ಫ್ರಾನ್ಸಿಸ್ಕೊದ ಸಂಜೆ 6.45ರ ಪಂದ್ಯ ಬೆಳಿಗ್ಗೆ 7.15ಕ್ಕೆ ಶುರುವಾಗುತ್ತದೆ, ಕೆಲಸಕ್ಕೆ ಹೊರಡುವ ಆ ಹೊತ್ತಿನಲ್ಲಿ ವಿಡಿಯೊ ನೋಡಲಾಗದಿದ್ದರೂ ಪಂದ್ಯದ ಪುಟ ತೆರೆದಿಟ್ಟುಕೊಂಡರೆ ಪ್ರತಿ ಪಿಚ್ ಎಲ್ಲಿ ಬಿತ್ತು, ಪ್ರತಿ ಹೊಡೆತ ಎಷ್ಟು ಬಿರುಸಾಗಿತ್ತು ಎಂಬುದು ಆಟದ ಜೊತೆಜೊತೆಗೇ ತಿಳಿಯುತ್ತಾ ಹೋಗುತ್ತದೆ.