ಮನೆಯಲ್ಲಿ ಮಾತು, ಶಾಲೆಯಲ್ಲಿ ಮೌನ: ಥೆರಪಿ ಕ್ಲಿನಿಕ್‌ನಲ್ಲೋ, ಶಾಲೆಯಲ್ಲೋ?

ಮನೆಯಲ್ಲಿ ತುಳುವಿನಲ್ಲಿ ಪಟಪಟ ಮಾತಾಡುವ ಮಗು ಉಡುಪಿಯ ಶಾಲೆಯ ಗೇಟು ದಾಟಿದೊಡನೆ ತಿಂಗಳುಗಟ್ಟಲೆ ತುಟಿ ಬಿಚ್ಚದಿದ್ದರೆ ಅದು ಹಟವಲ್ಲ, ‘ಸೆಲೆಕ್ಟಿವ್ ಮ್ಯೂಟಿಸಂ’ ಎಂಬ ಆತಂಕ. ಶಾಲೆ ಸೇರಿದ ಮೊದಲ ತಿಂಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಶಾಲೆಯ ಭಾಷೆ ಇನ್ನೂ ಬಾರದ ಮೌನವೂ ಬೇರೆಯೇ.

ಕ್ಲಿನಿಕ್: ಮಣಿಪಾಲ, ಮಂಗಳೂರು ಎರಡೂ ಕಡೆ ವಾಕ್-ಶ್ರವಣ ವಿಭಾಗಗಳಿವೆ. ಉಚ್ಚಾರಣೆ, ಶ್ರವಣ ಪರೀಕ್ಷೆಗೆ ಇದೇ ಸರಿ. ಮನೆಮಾತಿನ ವಿಡಿಯೊ ಒಯ್ಯಿರಿ, ಅಲ್ಲಿ ಮಗು ಮಾತಾಡದೇ ಇರಬಹುದು. ಥೆರಪಿಸ್ಟ್ ಜೊತೆ ಬಂದ ಮಾತು ತಾನಾಗಿ ತರಗತಿಗೆ ಬರುವುದಿಲ್ಲ, ಇದೇ ದೊಡ್ಡ ಕೊರತೆ.

ಶಾಲೆ: ಖಾಲಿ ಕೋಣೆಯಲ್ಲಿ ಅಮ್ಮ, ಮಗು ಸರದಿಯಂತೆ 1ರಿಂದ 20ರವರೆಗೆ ಎಣಿಸುತ್ತಾರೆ. ಟೀಚರ್ ಮೊದಲು ಬಾಗಿಲಾಚೆ, ಆಮೇಲೆ ಹೊಸ್ತಿಲಲ್ಲಿ, ಬೆನ್ನು ತಿರುಗಿಸಿ ಕೋಣೆಯೊಳಗೆ, ಮೇಜಿನ ಪಕ್ಕ, ಕೊನೆಗೆ ಎಣಿಕೆಯಲ್ಲೇ ಪಾಲುದಾರರು. ಆಗ ಅಮ್ಮ ಮೆಲ್ಲಗೆ ಹೊರಗೆ. ದಿನಕ್ಕೆ 10-15 ನಿಮಿಷ, ವಾರಕ್ಕೆ ಮೂರು ಸಲವಾದರೂ ಬೇಕು. ಸ್ವರ ಪಿಸುಮಾತಿಗೆ ಇಳಿದರೆ ಒಂದು ಹೆಜ್ಜೆ ಹಿಂದೆ ಸರಿಯಿರಿ. ‘ಅಬ್ಬ, ಮಾತಾಡಿದಳು!’ ಎಂದು ಎಲ್ಲರೆದುರು ಚಪ್ಪಾಳೆ ತಟ್ಟಿದರೆ ಮಗು ಮತ್ತೆ ಮುದುಡಿಕೊಳ್ಳುತ್ತದೆ.

ಉಚ್ಚಾರಣೆಯಲ್ಲೂ ತೊಡಕಿದ್ದರೆ ಕ್ಲಿನಿಕ್ ಮೊದಲು. ಇಲ್ಲವಾದರೆ ಶಾಲೆಯನ್ನೇ ಆರಿಸಿ, ಹೆಜ್ಜೆಗಳನ್ನು ಥೆರಪಿಸ್ಟ್ ಹಾಕಿಕೊಡಲಿ.