ನರಾಮ್-ಸಿನ್ ವಿರುದ್ಧದ ದಂಗೆ ಮೇಜಿನ ಮೇಲೆ: ಡಿಬಿಎ ನಿಯಮಾವಳಿ ಹೇಗಿದೆ?

ಕ್ರಿ.ಪೂ. 23ನೇ ಶತಮಾನದಲ್ಲಿ ಮೆಸೊಪೊಟೇಮಿಯಾದ (ಇಂದಿನ ಇರಾಕ್) ಅಕ್ಕಾಡ್ ದೊರೆ ನರಾಮ್-ಸಿನ್ ವಿರುದ್ಧ ಕೀಶ್‌ನಲ್ಲಿ ಇಫುರ್-ಕೀಶ್, ಉರುಕ್‌ನಲ್ಲಿ ಅಮರ್-ಗಿರಿದ್ ದಂಗೆ ಎದ್ದರು. ಒಂದೇ ವರ್ಷದಲ್ಲಿ ಒಂಬತ್ತು ಕಾಳಗ ಗೆದ್ದದ್ದಾಗಿ ದೊರೆಯ ಶಾಸನ ಹೇಳುತ್ತದೆ. ಅದರಲ್ಲಿ ತಿವಾ ಮತ್ತು ಉರುಮ್ ನಡುವಿನ ಬಯಲಲ್ಲಿ ಕೀಶ್ ಒಕ್ಕೂಟದೊಡನೆ ನಡೆದ ಕಾಳಗಕ್ಕೆ ಡಿಬಿಎ (ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್), ಅಂದರೆ ಪುಟ್ಟ ಗೊಂಬೆಗಳಿಂದ ಪುರಾತನ ಯುದ್ಧಗಳನ್ನು ಮೇಜಿನ ಮೇಲೆ ಆಡುವ ನಿಯಮಾವಳಿ, ಚೆನ್ನಾಗಿ ಒಗ್ಗುತ್ತದೆ.

ಬೇಕಾದದ್ದು ಕಡಿಮೆ: ಎರಡಡಿ ಚೌಕದ ಜಾಗ, ದಾಳ, ಪ್ರತಿ ಪಡೆಗೆ 12 ತುಕಡಿ (ಗೊಂಬೆಗಳನ್ನು ಅಂಟಿಸಿದ ಒಂದು ತಳಹಲಗೆಯೇ ಒಂದು ತುಕಡಿ). 15 ಮಿ.ಮೀ. ಗೊಂಬೆಗಳಿಗೆ ತಳಹಲಗೆಯ ಅಗಲ 40 ಮಿ.ಮೀ.; ಸಾಲುಗಟ್ಟಿದ ಈಟಿಯವರಾದರೆ ಒಂದು ತಳಕ್ಕೆ ನಾಲ್ವರು. ರಥ ಕೊಳ್ಳುವಾಗ ಎಚ್ಚರ. ಕುದುರೆ ಕಟ್ಟಿದ ಎರಡು ಗಾಲಿಯ ಈಜಿಪ್ಟ್ ರಥ ಎಷ್ಟೋ ಶತಮಾನ ಈಚಿನದು. ಇಲ್ಲಿಗೆ ಬೇಕಾದದ್ದು ಕತ್ತೆ ಜಾತಿಯ ಪ್ರಾಣಿಗಳು ಎಳೆಯುವ, ಗಟ್ಟಿ ಹಲಗೆಯ ನಾಲ್ಕು ಗಾಲಿಯ ಬಂಡಿ.

ಆಟದ ಸೊಗಸೆಲ್ಲ ಚಲನೆಯ ದಾಳದಲ್ಲಿದೆ. ಬಿದ್ದಷ್ಟೇ ಅಂಕ, ಅಷ್ಟೇ ಚಲನೆ. ಅಂಟಿ ನಿಂತ ಸಾಲು ಒಂದೇ ಅಂಕಕ್ಕೆ ಮುಂದೆ ಹೋಗುತ್ತದೆ. ಕಾಲುವೆ ದಾಟುವಾಗ ಸಾಲು ಒಡೆಯಿತೋ, ಚೂರು ಚೂರಿಗೂ ಬೇರೆ ಅಂಕ ತೆರಬೇಕು. ಆಗ 1 ಬಿದ್ದರೆ ಉಳಿದವರು ನಿಂತಲ್ಲೇ. ಹೊಸಬರು ಬೇಗ 4 ತುಕಡಿ ಕಳೆದುಕೊಂಡು ಸೋಲುವುದು ಇಲ್ಲೇ. ಕಾಲುವೆಯನ್ನು ಮೇಜಿನ ಅಂಚಿಗೆ ಸರಿಸಿಡಿ.

ದೊಡ್ಡ ಕೊರತೆ ಒಂದಿದೆ: ಹಲವು ಊರುಗಳ ದಂಡೆಲ್ಲ ಒಬ್ಬನೇ ಸೇನಾಪತಿಯ ಮಾತು ಕೇಳುತ್ತದೆ. ದಂಗೆಕೋರರ 12 ತುಕಡಿಗಳನ್ನು ಊರೂರಿಗೆ 6, 3, 3 ಎಂದು ಒಡೆದು, ಬೇರೆ ಬೇರೆ ಊರಿನವರು ಒಂದೇ ಅಂಕಕ್ಕೆ ಚಲಿಸದಂತೆ ನಿಯಮ ಸೇರಿಸಿಕೊಳ್ಳಿ. ಆಗ ಒಕ್ಕೂಟದ ನಿಜವಾದ ಕಷ್ಟ ಮೇಜಿನ ಮೇಲೆ ಕಾಣುತ್ತದೆ.